ಮದುವೆ ಸರ್ಟಿಫಿಕೇಟ್ ಮಾಡಿಸುವ ಸಮಗ್ರ ಮಾರ್ಗದರ್ಶಿ: ಮೊದಲು ಹೆಸರು, ಆಮೇಲೆ ಅರ್ಜಿ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಮದುವೆ ನೋಂದಣಿಗೆ ಅಂತ ಬರುವವರಲ್ಲಿ ಒಂದೇ ಸಲಕ್ಕೆ ಕೆಲಸ ಮುಗಿಸಿಕೊಂಡವರು ಕಡಿಮೆ. ಯಾಕೆ ವಾಪಸ್ ಬಂತು ಎಂದು ಕೇಳಿದರೆ "ಸರ್ವರ್ ಇರಲಿಲ್ಲ", "ಆಫೀಸಿನಲ್ಲಿ ಸತಾಯಿಸಿದರು" ಅನ್ನುತ್ತಾರೆ. ಅವರ ಕವರ್ ಬಿಚ್ಚಿ ಕಾಗದಗಳನ್ನು ಟೇಬಲ್ ಮೇಲೆ ಹರಡಿದರೆ ಕಥೆ ಬೇರೆ. ಹುಡುಗಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ, ಲಗ್ನಪತ್ರಿಕೆಯಲ್ಲಿ ಮೂರನೇ ಥರ.

ಹಾಗಾಗಿ ಈ ಬರಹದಲ್ಲಿ ಅರ್ಜಿ ತುಂಬುವುದು ಐದನೇ ಹಂತ. ಮೊದಲಿನ ನಾಲ್ಕನ್ನು ಹಾರಿಸಿ ನೇರ ಐದಕ್ಕೆ ಹೋಗಬೇಡಿ. ಎಲ್ಲರೂ ಅಲ್ಲೇ ಎಡವುತ್ತಾರೆ.

ಇನ್ನೊಂದು ಗೊಂದಲವನ್ನೂ ಈಗಲೇ ಮುಗಿಸಿಬಿಡೋಣ. "ಮದುವೆ ಲೈಸೆನ್ಸ್ ಮಾಡಿಸಬೇಕು" ಅಂತ ಕೆಲವರು ಬರುತ್ತಾರೆ. ವಿದೇಶದಲ್ಲಿರುವ ನೆಂಟರು ಹೇಳಿರುತ್ತಾರೆ. ಶಾಸ್ತ್ರ, ಸಂಪ್ರದಾಯದ ಪ್ರಕಾರ ಹಿಂದೂ ಮದುವೆ ಆಗುವುದಕ್ಕೆ ನಮ್ಮಲ್ಲಿ ಸರ್ಕಾರದ ಲೈಸೆನ್ಸ್ ಬೇಡ. ಮದುವೆ ಆದ ಮೇಲೆ ನೋಂದಣಿ, ಆಮೇಲೆ ಸರ್ಟಿಫಿಕೇಟ್, ಅಷ್ಟೇ. ಲೈಸೆನ್ಸಿಗೆ ಹತ್ತಿರದ್ದು ಅಂತ ಇರುವುದು ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸ್. ಅದು ಏಳನೇ ಹಂತದಲ್ಲಿ ಬರುತ್ತದೆ.

ಹಂತ 1: ನಿಮ್ಮದು ಯಾವ ಕಾಯ್ದೆ ಎಂದು ತೀರ್ಮಾನಿಸಿ

ಇಬ್ಬರೂ ಹಿಂದೂ, ಜೈನ, ಬೌದ್ಧ ಅಥವಾ ಸಿಖ್ ಆಗಿದ್ದು, ಸಂಪ್ರದಾಯದಂತೆ ಮದುವೆ ಆಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ. ಅದರ 8ನೇ ಕಲಮಿನಲ್ಲಿ ನೋಂದಣಿ ಬರುತ್ತದೆ. ಜಾತಿ ಬೇರೆ ಆಗಿದ್ದರೂ ಇದೇ ದಾರಿ ಸಾಕು. ಅಂತರ್ಜಾತಿ ಅಂದ ಕೂಡಲೇ ವಿಶೇಷ ವಿವಾಹ ಕಾಯ್ದೆಗೇ ಹೋಗಬೇಕು ಎಂದು ತುಂಬ ಜನ ತಿಳಿದಿದ್ದಾರೆ. ಹಾಗೇನಿಲ್ಲ.

ಧರ್ಮ ಬೇರೆ ಬೇರೆ ಇದ್ದು ಇಬ್ಬರೂ ಅವರವರ ಧರ್ಮದಲ್ಲೇ ಇರುತ್ತೇವೆ ಅಂದರೆ, ಅಥವಾ ಶಾಸ್ತ್ರವೇ ಬೇಡ, ಆಫೀಸಿನಲ್ಲೇ ಮದುವೆ ಆಗುತ್ತೇವೆ ಅಂದರೆ 1954ರ ವಿಶೇಷ ವಿವಾಹ ಕಾಯ್ದೆ. ಚರ್ಚಿನಲ್ಲಿ ಆಗುವ ಮದುವೆಗೆ 1872ರ ಕ್ರೈಸ್ತ ವಿವಾಹ ಕಾಯ್ದೆ ಇದೆ. ಅವರು ಮೊದಲು ಕೇಳಬೇಕಾದದ್ದು ಚರ್ಚಿನ ರಿಜಿಸ್ಟರ್ ನೋಡಿಕೊಳ್ಳುವ ಪಾದ್ರಿಗಳನ್ನು.

ನಮ್ಮ ಕಡೆ ಮಂತ್ರ ಮಾಂಗಲ್ಯದ ಮದುವೆ ಆಗುವವರೂ ಇದ್ದಾರೆ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಪ್ರಮಾಣ ವಚನ ಓದಿ ಹಾರ ಬದಲಾಯಿಸಿಕೊಳ್ಳುತ್ತಾರೆ. ನನಗೂ ಅದು ಇಷ್ಟವೇ. ಆದರೆ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಹುಡುಗ ಅಥವಾ ಹುಡುಗಿಯ ಕಡೆಯ ರೂಢಿಯ ಶಾಸ್ತ್ರ ನಡೆದಿರಬೇಕು ಎನ್ನುತ್ತದೆ. ಶಾಸ್ತ್ರವೇ ಆಗದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಆದ್ದರಿಂದ ಇಂಥ ಮದುವೆಗೆ ವಿಶೇಷ ವಿವಾಹ ಕಾಯ್ದೆಯೇ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಒಂದು ತಿಂಗಳು ಕಾಯಬೇಕು, ಹೌದು. ಮುಂದೆ ಆಸ್ತಿ, ಪಿಂಚಣಿ ಅಂತ ಯಾರಾದರೂ ತಕರಾರು ತೆಗೆದಾಗ ಆ ಒಂದು ತಿಂಗಳು ಏನೂ ಅಲ್ಲ.

ಶಾಸ್ತ್ರ ಮಾಡದೆ "ಸುಮ್ನೆ ರಿಜಿಸ್ಟರ್ ಮಾಡ್ಸಿಡಿ, ವೀಸಾಕ್ಕೆ ಬೇಕು, ಮದುವೆ ಡಿಸೆಂಬರಿಗೆ" ಎನ್ನುವವರಿಗೂ ಇದೇ ಮಾತು. ಆಗದ ಮದುವೆಗೆ ತಾರೀಖು ಬರೆದು ಸಹಿ ಹಾಕಬೇಡಿ.

ವಯಸ್ಸು ಎರಡೂ ಕಾಯ್ದೆಯಲ್ಲಿ ಒಂದೇ: ಹುಡುಗನಿಗೆ 21, ಹುಡುಗಿಗೆ 18. ಮದುವೆಯ ದಿನಕ್ಕೇ ಅಷ್ಟು ತುಂಬಿರಬೇಕು. ನೋಂದಣಿಯ ದಿನಕ್ಕೆ ತುಂಬಿದ್ದರೆ ಸಾಲದು.

ಹಂತ 2: ಹೆಸರು ಮತ್ತು ಹುಟ್ಟಿದ ತಾರೀಖು ಹೊಂದಿಸಿ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದೇ. ಜನ ಒಂದು ನಿಮಿಷವನ್ನೂ ಕೊಡದ ಹಂತವೂ ಇದೇ.

ಒಂದು ಬಿಳಿ ಹಾಳೆ ತಗೊಳ್ಳಿ. ಮೇಲೆ ಹುಡುಗನ ಹೆಸರು, ಹುಡುಗಿಯ ಹೆಸರು ಅಂತ ಎರಡು ಕಾಲಂ ಮಾಡಿ. ಕೆಳಗೆ ಸಾಲಾಗಿ ಆಧಾರ್, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ವೋಟರ್ ಐಡಿ, ಪಾನ್ ಕಾರ್ಡ್, ಇದ್ದರೆ ಪಾಸ್‌ಪೋರ್ಟ್, ಕೊನೆಗೆ ಲಗ್ನಪತ್ರಿಕೆ ಎಂದು ಬರೆಯಿರಿ. ಈಗ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ಅದರಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಅಕ್ಷರ ಅಕ್ಷರ ನೋಡಿ ಬರೆಯಿರಿ. ನೆನಪಿನಿಂದ ಬರೆಯಬೇಡಿ. ತಂದೆ, ತಾಯಿಯ ಹೆಸರನ್ನೂ ಬರೆಯಿರಿ. ಹುಟ್ಟಿದ ತಾರೀಖನ್ನೂ.

ಹೋದ ವರ್ಷ ಒಬ್ಬಳು ಹುಡುಗಿಯ ಹಾಳೆ ಹೀಗಿತ್ತು. ಹೆಸರು ಶ್ವೇತಾ ಅಂತ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಎಸ್ ಆದ ಮೇಲೆ ಎಚ್ ಇದೆ, ಆಧಾರ್‌ನಲ್ಲಿ ಎಚ್ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಬಿಚ್ಚಿಕೊಂಡು ಅಪ್ಪನ ಪೂರ್ತಿ ಹೆಸರಾಗಿದೆ. ಲಗ್ನಪತ್ರಿಕೆಯಲ್ಲಿ "ಚಿ. ಸೌ. ಶ್ವೇತ", ದೀರ್ಘ ಇಲ್ಲ. ಮನೆಯವರಿಗೆ ಇದು ಒಂದೇ ಹೆಸರು. ಕಂಪ್ಯೂಟರಿಗೆ ನಾಲ್ಕು ಜನ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ನನ್ನ ಲೆಕ್ಕ ಇಷ್ಟೇ: ಬದಲಾಯಿಸಲು ಕಷ್ಟವಾದದ್ದನ್ನು ಹಾಗೇ ಬಿಟ್ಟು, ಸುಲಭವಾದದ್ದನ್ನು ಅದಕ್ಕೆ ಹೊಂದಿಸಿ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ಶಾಲೆ, ಬೋರ್ಡು ಎಂದು ಅಲೆದಾಟದ ಕೆಲಸ. ಪಾಸ್‌ಪೋರ್ಟ್ ಇದ್ದರೆ ಅದನ್ನೂ ಮುಟ್ಟದಿರುವುದು ಒಳ್ಳೆಯದು. ಆಧಾರ್ ಮತ್ತು ಪಾನ್ ತಿದ್ದುಪಡಿ ಸುಲಭ. ಆದ್ದರಿಂದ ಆಧಾರ್ ಅನ್ನು ಮಾರ್ಕ್ಸ್ ಕಾರ್ಡಿಗೆ ಹೊಂದಿಸಿ.

ಆದರೆ ಆಧಾರ್‌ನಲ್ಲೂ ಮಿತಿ ಇದೆ. ಹೆಸರನ್ನು ಎರಡು ಸಲ ಮಾತ್ರ ಬದಲಾಯಿಸಬಹುದು, ಹುಟ್ಟಿದ ತಾರೀಖನ್ನು ಒಂದೇ ಸಲ. ಹಾಳೆ ಬರೆದು ತೀರ್ಮಾನ ಮಾಡದೆ ಸೇವಾ ಕೇಂದ್ರಕ್ಕೆ ಓಡಿ, ಅರ್ಧಂಬರ್ಧ ತಿದ್ದಿಸಿಕೊಂಡು ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ.

ಎಲ್ಲಾದರೂ ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಇನಿಷಿಯಲ್ ಬಗ್ಗೆ ಈಗಲೇ ಯೋಚಿಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಸರ್ಟಿಫಿಕೇಟಿನಲ್ಲಿ ಬರೀ "ಕೆ. ಎಸ್." ಅಂತ ಇದ್ದರೆ ಮುಂದೆ ಮತ್ತೆ ಅಫಿಡವಿಟ್ ಬರೆಸುವ ಕೆಲಸ ಬರುತ್ತದೆ.

ಮದುವೆ ಆದ ಕೂಡಲೇ ಹುಡುಗಿಯ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಅರ್ಜಿ ತುಂಬುವುದು ಇನ್ನೊಂದು ಸಾಮಾನ್ಯ ತಪ್ಪು. ಅತ್ತೆಮನೆಯವರು ಖುಷಿಯಿಂದ ಹಾಗೆ ಹೇಳಿರುತ್ತಾರೆ. ಆಧಾರ್‌ನಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಹೆಸರು ಬದಲಾಯಿಸಲೇಬೇಕು ಅಂದರೆ ಸರ್ಟಿಫಿಕೇಟ್ ಬಂದ ಮೇಲೆ, ಅದನ್ನೇ ದಾಖಲೆಯಾಗಿ ಕೊಟ್ಟು ಬದಲಾಯಿಸಿಕೊಳ್ಳಬಹುದು. ಬದಲಾಯಿಸಲೇಬೇಕೆಂಬ ಕಾನೂನೇನೂ ಇಲ್ಲ.

*ಎಚ್ಚರಿಕೆಯ ಗುರುತು:* ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇದ್ದರೆ, ಅಥವಾ ಮನೆಯಲ್ಲಿ ತುಂಬ ಜನರಿಗೆ ಜನವರಿ 1 ಎಂದೇ ಇದ್ದರೆ, ಅದು ಅಂದಾಜಿಗೆ ಬರೆಸಿದ್ದು. ಮಾರ್ಕ್ಸ್ ಕಾರ್ಡಿನ ತಾರೀಖಿಗೆ ತಾಳೆ ಆಗುವುದಿಲ್ಲ. ಮೊದಲು ಅದನ್ನು ಸರಿಮಾಡಿ.

ಆಧಾರ್‌ಗೆ ಯಾವ ಫೋನ್ ನಂಬರ್ ಜೋಡಿಸಿದೆ ಅನ್ನುವುದನ್ನೂ ಇದೇ ಹಂತದಲ್ಲಿ ನೋಡಿ. ಒಟಿಪಿ ಹೋಗುವುದು ಆ ನಂಬರಿಗೆ. ಹತ್ತು ವರ್ಷದ ಹಿಂದೆ ಅಪ್ಪನ ನಂಬರ್ ಕೊಟ್ಟಿರುತ್ತೀರಿ, ಆ ಸಿಮ್ ಎಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಹಂತ 3: ಯಾವ ಆಫೀಸು ಎಂದು ಖಚಿತ ಮಾಡಿಕೊಳ್ಳಿ

ನೋಂದಣಿ ಮಾಡುವುದು ಸಬ್ ರಿಜಿಸ್ಟ್ರಾರ್ ಆಫೀಸು, ಅಂದರೆ ಉಪನೋಂದಣಾಧಿಕಾರಿ ಕಚೇರಿ. ಜಮೀನು ರಿಜಿಸ್ಟರ್ ಆಗುವ ಆಫೀಸೇ. ತಾಲ್ಲೂಕು ಕಚೇರಿಯ ತಹಶೀಲ್ದಾರರ ಕೌಂಟರಿನಲ್ಲಿ ಆಗುವುದಿಲ್ಲ.

ಹಿಂದೂ ವಿವಾಹವಾದರೆ ಮದುವೆ ನಡೆದ ಜಾಗದ ಆಫೀಸು, ಇಲ್ಲವೇ ಹುಡುಗ ಅಥವಾ ಹುಡುಗಿ ವಾಸವಿರುವ ಜಾಗದ ಆಫೀಸು. ಮೂರರಲ್ಲಿ ನಿಮಗೆ ಅನುಕೂಲವಾದದ್ದು. ಹುಡುಗಿಯ ಮನೆ ಕೊಪ್ಪ, ಮದುವೆ ಆದದ್ದು ಶಿವಮೊಗ್ಗದ ಛತ್ರದಲ್ಲಿ, ಹುಡುಗನ ಮನೆ ಸಾಗರ ಅಂದುಕೊಳ್ಳಿ. ಕೊಪ್ಪ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಪರವಾಗಿಲ್ಲ, ಎಲ್ಲಿ ಬೇಕಾದರೂ ಆಗುತ್ತದೆ. ನನ್ನನ್ನು ಕೇಳಿದರೆ ಸಾಕ್ಷಿಗಳಿಗೆ ಯಾವುದು ಹತ್ತಿರವೋ ಅದನ್ನು ಆರಿಸಿ.

ಮಲೆನಾಡಿನಲ್ಲಿ ಮಾತ್ರ ಕಾಣುವ ಒಂದು ತೊಡಕಿದೆ. ನಮ್ಮಲ್ಲಿ ಊರೆಂದರೆ ಒತ್ತೊತ್ತಾಗಿ ಮನೆಗಳಿರುವ ಜಾಗ ಅಲ್ಲ. ಗುಡ್ಡಕ್ಕೊಂದು ಮನೆ, ಮನೆಗೊಂದು ಹೆಸರು. ಅಂಚೆ ಬರುವುದು ಒಂದು ಪೇಟೆಯಿಂದ, ವ್ಯವಹಾರಕ್ಕೆ ಹೋಗುವುದು ಇನ್ನೊಂದು ಪೇಟೆಗೆ, ಕಂದಾಯ ದಾಖಲೆಯಲ್ಲಿ ಇರುವುದು ಮೂರನೇ ಹೋಬಳಿ. ರಿಪ್ಪನ್‌ಪೇಟೆ ಹೊಸನಗರ ತಾಲ್ಲೂಕು, ಆನಂದಪುರ ಸಾಗರ ತಾಲ್ಲೂಕು. ಎರಡರ ನಡುವಿನ ಹಳ್ಳಿಯವರನ್ನು ಕೇಳಿದರೆ ಪೇಟೆಯ ಹೆಸರು ಹೇಳುತ್ತಾರೆಯೇ ಹೊರತು ತಾಲ್ಲೂಕಿನದ್ದಲ್ಲ. ಅರ್ಜಿಯಲ್ಲಿ ಪೇಟೆ ನೋಡಿ ಆಫೀಸು ಆರಿಸಿದರೆ "ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ವಾಪಸ್. ಮನೆಯ ಪಹಣಿ ಅಥವಾ ರೇಷನ್ ಕಾರ್ಡ್ ತೆಗೆದು ಗ್ರಾಮ, ಹೋಬಳಿ, ತಾಲ್ಲೂಕು ಮೂರನ್ನೂ ಅದೇ ಬಿಳಿ ಹಾಳೆಯ ಕೆಳಗೆ ಬರೆದುಕೊಳ್ಳಿ.

ಹಂತ 4: ಕಾಗದ, ಫೋಟೊ, ಸಾಕ್ಷಿ

ಹೊಂದಿಸಿಕೊಳ್ಳಬೇಕಾದದ್ದು ಇವು:

- ಇಬ್ಬರ ಆಧಾರ್ ಮತ್ತು ವಿಳಾಸದ ದಾಖಲೆ
- ವಯಸ್ಸಿನ ದಾಖಲೆ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ಇದ್ದರೆ ತಕರಾರಿಲ್ಲ
- ಲಗ್ನಪತ್ರಿಕೆ
- ಧಾರೆಯ ಅಥವಾ ತಾಳಿ ಕಟ್ಟುವ ಫೋಟೊ, ಮದುವೆಯ ವಿಡಿಯೊ
- ಗಂಡ ಹೆಂಡತಿ ಜೊತೆಗಿರುವ ಜಂಟಿ ಫೋಟೊ, ನಾಲ್ಕಾರು ಪ್ರತಿ
- ಮೂರು ಜನ ಸಾಕ್ಷಿಗಳು, ಅವರ ಆಧಾರ್
- ಮೊದಲೊಂದು ಮದುವೆ ಆಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಹಿಂದಿನ ಸಂಗಾತಿಯ ಮರಣ ಪ್ರಮಾಣಪತ್ರ

ಫೋಟೊಗ್ರಾಫರ್ ಆಲ್ಬಂನಲ್ಲಿ ಸಾವಿರ ಫೋಟೊ ಇರುತ್ತವೆ. ಬೇಕಾದದ್ದು ಒಂದೇ: ಇಬ್ಬರ ಮುಖವೂ ನೇರ ಕಾಣಬೇಕು, ತಾಳಿ ಕಟ್ಟುವುದು ಅಥವಾ ಧಾರೆ ಎರೆಯುವುದು ಗೊತ್ತಾಗಬೇಕು. ಬಾಸಿಂಗ ಮುಖ ಮುಚ್ಚಿರುವ ಫೋಟೊ, ಸೋದರಮಾವನ ಬೆನ್ನು ಅಡ್ಡ ಬಂದಿರುವ ಫೋಟೊ ಬೇಡ. ಮದುವೆಗೆ ಮೊದಲೇ ಫೋಟೊಗ್ರಾಫರ್‌ಗೆ ಹೇಳಿಟ್ಟರೆ ಒಂದು ತೆಗೆದುಕೊಡುತ್ತಾರೆ.

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಈ ಬರಹ ಓದುತ್ತಿದ್ದರೆ ನಿಮ್ಮ ಅದೃಷ್ಟ. ಹೆಸರನ್ನು ಆಧಾರ್‌ನಂತೆ ಹಾಕಿಸಿ. ತಾರೀಖು, ಮದುವೆ ನಡೆಯುವ ಜಾಗ ಸ್ಪಷ್ಟ ಇರಲಿ. ಮನೆಯ ಚಪ್ಪರದಲ್ಲೇ ಮದುವೆ ಆದರೆ "ವಧುವಿನ ಸ್ವಗೃಹದಲ್ಲಿ" ಎಂದಷ್ಟೇ ಹಾಕದೆ ಗ್ರಾಮ, ತಾಲ್ಲೂಕು ಹಾಕಿಸಿ. ಧಾರೆ ಒಂದು ದಿನ, ಆರತಕ್ಷತೆ ಇನ್ನೊಂದು ದಿನ ಇದ್ದರೆ ಅರ್ಜಿಯಲ್ಲಿ ಬರೆಯಬೇಕಾದದ್ದು ಧಾರೆಯ ದಿನ.

ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು, ಪತ್ರಿಕೆ ಗೆದ್ದಲು ತಿಂದಿದೆ ಅನ್ನುವವರೂ ಬರುತ್ತಾರೆ. ಗಾಬರಿ ಬೇಡ. ತಡವಾಯಿತೆಂದು ಮದುವೆಯೇನೂ ರದ್ದಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯೇ ಹಾಗೆ ಹೇಳುತ್ತದೆ. ಪತ್ರಿಕೆಯ ಬದಲು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಕೊಡುವುದು ರೂಢಿ. ಅದರಲ್ಲಿ ಏನೇನು ಬರೆಯಬೇಕೆಂದು ಆಫೀಸಿನಲ್ಲಿ ಕೇಳಿಕೊಂಡು ಬಂದು ಆಮೇಲೆ ಬರೆಸಿ. ಮೊದಲೇ ಬರೆಸಿದರೆ ಎರಡು ಸಲ ದುಡ್ಡು.

ಸಾಕ್ಷಿಗಳ ವಿಷಯದಲ್ಲಿ ಜನ ತುಂಬ ಹಗುರವಾಗಿರುತ್ತಾರೆ. ಮದುವೆ ಕಣ್ಣಾರೆ ಕಂಡವರು, ಹದಿನೆಂಟು ದಾಟಿದವರು, ಹೇಳಿದ ದಿನ ಬರುವವರು ಬೇಕು. ಮೂರನೆಯದೇ ಕಷ್ಟ. ಅಡಿಕೆ ಕೊಯ್ಲಿನ ಸಮಯದಲ್ಲಿ, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವ ದಿನ ಬಿಸಿಲು ಬಿದ್ದರೆ ಯಾವ ಮಾವನೂ ತೋಟ ಬಿಟ್ಟು ಬರುವುದಿಲ್ಲ. ನಾಲ್ಕನೆಯವರೊಬ್ಬರನ್ನು ಹೇಳಿಟ್ಟುಕೊಳ್ಳಿ. ಅವರ ಆಧಾರ್ ಕೂಡ ಮೊದಲೇ ಜೆರಾಕ್ಸ್ ಮಾಡಿಸಿ. ಆದರೆ ಅರ್ಜಿಯಲ್ಲಿ ಹೆಸರು ಹಾಕಿದವರು ಬೇರೆ, ಬಂದವರು ಬೇರೆ ಆದರೆ ತಿದ್ದಬೇಕಾಗುತ್ತದೆ. ಹಿಂದಿನ ದಿನ ಸಂಜೆ ಮೂವರಿಗೂ ಒಂದು ಫೋನ್ ಮಾಡಿ.

ಹಂತ 5: ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ

ಈಗ ಕಂಪ್ಯೂಟರ್ ತೆಗೆಯಿರಿ. ಕರ್ನಾಟಕದಲ್ಲಿ ಅರ್ಜಿ ಹಾಕುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ. ಹಿಂದೂ ವಿವಾಹವನ್ನು ಆನ್‌ಲೈನ್‌ನಲ್ಲೇ ನೋಂದಾಯಿಸುವ ವ್ಯವಸ್ಥೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಆಧಾರ್ ಒಟಿಪಿಯಿಂದ ಇಬ್ಬರ ಗುರುತೂ ತಾಳೆಯಾಗಿ, ಲಗ್ನಪತ್ರಿಕೆ ಮತ್ತು ವಿಡಿಯೊ ಸರಿ ಇದ್ದರೆ ಮನೆಯಿಂದಲೇ ಮುಗಿಯಬಹುದು. ಆಧಾರ್ ತಾಳೆ ಆಗದಿದ್ದರೆ ಆಫೀಸಿಗೆ ಹೋಗಲೇಬೇಕು. ಎರಡನೇ ಹಂತಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಮೊದಲು ನಿಮ್ಮದೇ ಮೊಬೈಲ್ ನಂಬರ್ ಮತ್ತು ಇಮೇಲ್ ಹಾಕಿ ಖಾತೆ ತೆರೆಯಿರಿ. ನಮ್ಮಂಥ ಅಂಗಡಿಯವರು ನಮ್ಮದೇ ನಂಬರ್ ಹಾಕಿ ತೆರೆದುಕೊಟ್ಟರೆ ಒಪ್ಪಬೇಡಿ. ನಾಳೆ ಅಂಗಡಿ ಬಾಗಿಲು ಹಾಕಿದ್ದರೆ ನಿಮ್ಮ ಅರ್ಜಿ ಎಲ್ಲಿಗೆ ಬಂತು ಎಂದು ನೋಡುವುದಕ್ಕೂ ಆಗುವುದಿಲ್ಲ. ನನ್ನ ಅಂಗಡಿಯ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗಾಯ್ತು, ಇರಲಿ.

ಮದುವೆ ನೋಂದಣಿಯಲ್ಲಿ ಕಾಯ್ದೆ ಆರಿಸಿ. ವರ, ವಧು, ಇಬ್ಬರ ತಂದೆ ತಾಯಿ, ಸಾಕ್ಷಿಗಳು, ಮದುವೆಯ ಜಾಗ, ತಾರೀಖು ತುಂಬಿ. ಎಲ್ಲವನ್ನೂ ಬಿಳಿ ಹಾಳೆ ನೋಡಿ ತುಂಬಿ. ಫೈಲುಗಳು ಪೋರ್ಟಲ್ ಕೇಳುವ ಗಾತ್ರಕ್ಕಿಂತ ದೊಡ್ಡದಿದ್ದರೆ ಏರುವುದಿಲ್ಲ. ಮೊಬೈಲಿನಲ್ಲಿ ಓರೆಯಾಗಿ ತೆಗೆದ, ಮೂಲೆಯಲ್ಲಿ ಹೆಬ್ಬೆರಳು ಕಾಣುವ ಫೋಟೊ ಹಾಕಬೇಡಿ. ಓದಲಾಗದ ದಾಖಲೆ ಅಂದರೆ ಇಲ್ಲದ ದಾಖಲೆಯೇ.

ಸಲ್ಲಿಸಿದ ಮೇಲೆ ಬರುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಕಾಲ ಸಂಖ್ಯೆ ಬಂದರೆ ಅದನ್ನೂ. ಆಫೀಸಿನವರು ಪರಿಶೀಲಿಸುತ್ತಾರೆ. ತಪ್ಪಿದ್ದರೆ ಕಾರಣ ಬರೆದು ವಾಪಸ್ ಕಳಿಸುತ್ತಾರೆ. ಆ ಕಾರಣ ಓದಿ, ಅದೇ ಅರ್ಜಿಯನ್ನು ತಿದ್ದಿ. ವಾಪಸ್ ಬಂತೆಂದು ಸಿಟ್ಟಿಗೆದ್ದು ಹೊಸ ಅರ್ಜಿ ಹಾಕಿದರೆ ಒಂದೇ ಮದುವೆಗೆ ಎರಡು ಅರ್ಜಿ ಆಗಿ ಇನ್ನೂ ಸಿಕ್ಕು.

ದುಡ್ಡು ಕಟ್ಟುವಾಗ ಖಾತೆಯಿಂದ ಹಣ ಹೋಗಿ, ಪರದೆಯಲ್ಲಿ ಮಾತ್ರ ಬಾಕಿ ಎಂದು ತೋರಿಸುವುದುಂಟು. ನಮ್ಮಲ್ಲಿ ಮಳೆಗಾಲದ ನೆಟ್‌ವರ್ಕ್ ಗೊತ್ತಲ್ಲ, ಗಾಳಿ ಬೀಸಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಕೂಡಲೇ ಎರಡನೇ ಸಲ ಕಟ್ಟಬೇಡಿ. ಒಂದು ದಿನ ಬಿಟ್ಟು ಚಲನ್ ಸಂಖ್ಯೆ ಹಾಕಿ ನೋಡಿ.

*ಎಚ್ಚರಿಕೆಯ ಗುರುತು:* ಸರ್ಕಾರದ ಶುಲ್ಕ ತೀರಾ ಕಡಿಮೆ. ಯಾರಾದರೂ ಸಾವಿರಗಟ್ಟಲೆ ಹೇಳಿ, ರಶೀದಿ ಕೇಳಿದರೆ "ಅದೆಲ್ಲ ಒಳಗಿಂದು" ಅಂದರೆ ಅಲ್ಲಿಂದ ಎದ್ದುಬನ್ನಿ. "ನೀವು ಬರೋದೇ ಬೇಡ, ಸಾಕ್ಷೀನೂ ಬೇಡ, ಎಲ್ಲ ನಾವೇ ಮಾಡ್ತೀವಿ" ಎನ್ನುವವರಿಂದ ಇನ್ನೂ ದೂರ ಇರಿ. ನಿಮ್ಮ ಸಹಿ ಬೇರೆಯವರು ಹಾಕಿದ ಕಾಗದ ನಾಳೆ ನಿಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಹಂತ 6: ಆಫೀಸಿಗೆ ಹೋಗುವ ದಿನ

ಆನ್‌ಲೈನ್‌ನಲ್ಲೇ ಮುಗಿಯದಿದ್ದರೆ ಆಫೀಸಿಗೆ ಹೋಗಬೇಕಾದವರು ಗಂಡ, ಹೆಂಡತಿ, ಮೂರು ಸಾಕ್ಷಿಗಳು. ಎಲ್ಲರ ಮೂಲ ದಾಖಲೆಗಳೂ ಕೈಯಲ್ಲಿರಲಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಮೀನಿನ ವ್ಯವಹಾರದ ಗದ್ದಲ ಇರುತ್ತದೆ. ನಿಮಗೆ ಕೊಟ್ಟ ಸಮಯಕ್ಕಿಂತ ಅರ್ಧ ಗಂಟೆ ಮುಂಚೆ ಇರಿ. ಮಧ್ಯಾಹ್ನದ ಊಟದ ಹೊತ್ತಿಗೆ ಸಾಕ್ಷಿಗಳನ್ನು ಹೋಟೆಲ್ಲಿಗೆ ಕಳಿಸಬೇಡಿ, ಕರೆದಾಗ ಸಿಗುವುದಿಲ್ಲ.

ಫೋಟೊ, ಹೆಬ್ಬೆಟ್ಟು, ಸಹಿ ಆಗುತ್ತದೆ. ಸಹಿಗೆ ಮೊದಲು ಕರಡು ಪ್ರತಿ ತೋರಿಸುತ್ತಾರೆ, ಇಲ್ಲದಿದ್ದರೆ ಕೇಳಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮದುವೆ ಮೇ 6ಕ್ಕೆ ಆದದ್ದು. ಅರ್ಜಿಯಲ್ಲಿ ತಿಂಗಳು, ದಿನ ಅದಲು ಬದಲಾಗಿ ಕರಡಿನಲ್ಲಿ ಜೂನ್ 5 ಅಂತ ಬಂದಿತ್ತು. ಹಿಂದೆ ಜನ ಕಾಯುತ್ತಿದ್ದಾರೆ ಎಂಬ ಸಂಕೋಚಕ್ಕೆ ಓದದೆ ಸಹಿ ಹಾಕಿದೆ. ಮನೆಗೆ ಬಂದು ಅಮ್ಮನಿಗೆ ತೋರಿಸಿದರೆ, "ಜೂನಲ್ಲಿ ಯಾರೋ ನಮ್ಮೂರಲ್ಲಿ ಚಪ್ಪರ ಹಾಕ್ತಾರೆ? ಮಳೆ ಹಿಡಿದಿರುತ್ತಲ್ಲ" ಅಂದರು. ಐದು ಜನ ನೋಡಿದ್ದ ಕಾಗದದಲ್ಲಿ ತಪ್ಪು ಕಂಡದ್ದು ಅವರಿಗೆ. ತಿದ್ದಿಸಲು ಮೂರು ಸಲ ಅಲೆದೆ.

ಓದುವ ಕ್ರಮ ಹೇಳುತ್ತೇನೆ. ಒಬ್ಬರು ಬಿಳಿ ಹಾಳೆ ಹಿಡಿಯಿರಿ, ಇನ್ನೊಬ್ಬರು ಕರಡನ್ನು ಗಟ್ಟಿಯಾಗಿ ಓದಿ. ಹೆಸರಿನ ಒಂದೊಂದು ಅಕ್ಷರ, ಅಪ್ಪ ಅಮ್ಮನ ಹೆಸರು, ಹುಟ್ಟಿದ ತಾರೀಖು, ಮದುವೆಯ ತಾರೀಖು, ಜಾಗ. ಕನ್ನಡದಲ್ಲಿ ಲ ಮತ್ತು ಳ, ನ ಮತ್ತು ಣ, ಒತ್ತಕ್ಷರ ನೋಡಿ. ಎರಡು ನಿಮಿಷದ ಕೆಲಸ. ಹಿಂದಿನವರು ಕಾಯಲಿ.

ಹಂತ 7: ವಿಶೇಷ ವಿವಾಹ ಕಾಯ್ದೆಯವರ ದಿನದ ಲೆಕ್ಕ

ಈ ದಾರಿಯಲ್ಲಿ ಕಾಗದಕ್ಕಿಂತ ಕ್ಯಾಲೆಂಡರ್ ಮುಖ್ಯ. ಜಿಲ್ಲೆಯ ವಿವಾಹಾಧಿಕಾರಿಗೆ ಇಬ್ಬರೂ ಸಹಿ ಹಾಕಿದ ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಹಿಂದಿನ 30 ದಿನ ಅದೇ ಜಿಲ್ಲೆಯಲ್ಲಿ ವಾಸವಿದ್ದಿರಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡುವ ಇಬ್ಬರೂ ಒಂದು ಶನಿವಾರ ಊರಿಗೆ ಬಂದು ಶಿವಮೊಗ್ಗದಲ್ಲಿ ನೋಟಿಸ್ ಕೊಡಲು ಹೊರಟರೆ ಇಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ನೋಟಿಸನ್ನು ಆಫೀಸಿನಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. ಇಬ್ಬರಲ್ಲಿ ಯಾರ ಕಾಯಂ ವಿಳಾಸವಾದರೂ ಬೇರೆ ಜಿಲ್ಲೆಯದ್ದಾದರೆ ಒಂದು ಪ್ರತಿ ಅಲ್ಲಿಗೂ ಹೋಗಿ, ಅಲ್ಲಿನ ಬೋರ್ಡಿನಲ್ಲೂ ಬರುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲದವರು ಇದನ್ನು ಮೊದಲೇ ತಿಳಿದಿರಲಿ. ಸಣ್ಣ ಊರು, ಬೋರ್ಡ್ ಓದುವ ಪರಿಚಯದವರು ಯಾರಾದರೂ ಇದ್ದೇ ಇರುತ್ತಾರೆ. ಬೆದರಿಕೆ ಇರುವ ಕಡೆ ವಕೀಲರನ್ನು ಕಂಡು, ಪೊಲೀಸ್ ರಕ್ಷಣೆಯ ಬಗ್ಗೆ ಮಾತಾಡಿ ಆಮೇಲೆ ನೋಟಿಸ್ ಕೊಡಿ.

ಆಕ್ಷೇಪಣೆಗೆ 30 ದಿನ. ಯಾರು ಬೇಕಾದರೂ ಹಾಕಬಹುದು, ಆದರೆ ಕಾರಣ ಮಾತ್ರ ಕಾಯ್ದೆಯ 4ನೇ ಕಲಮಿನಲ್ಲಿರುವುದೇ ಆಗಬೇಕು: ಮೊದಲ ಮದುವೆ ಇನ್ನೂ ಇದೆ, ವಯಸ್ಸು ಆಗಿಲ್ಲ, ಒಪ್ಪಿಗೆ ಕೊಡುವ ಮನಸ್ಥಿತಿ ಇಲ್ಲ, ನಿಷೇಧಿತ ರಕ್ತಸಂಬಂಧ. "ಜಾತಿ ಬೇರೆ", "ಅಪ್ಪನಿಗೆ ಇಷ್ಟ ಇಲ್ಲ" ಇವು ಯಾವುವೂ ನಿಲ್ಲುವುದಿಲ್ಲ. ಆಕ್ಷೇಪಣೆ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಿ ತೀರ್ಮಾನಿಸಬೇಕು. ಅವರು ಎತ್ತಿ ಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ರಕ್ತಸಂಬಂಧದ ಬಗ್ಗೆ ಒಂದು ಮಾತು. ನಮ್ಮಲ್ಲಿ ಸೋದರಮಾವನ ಮಗಳು, ಸೋದರತ್ತೆ ಮಗ ಎಂದರೆ ಕೇಳಿ ಕೊಡುವ ಸಂಬಂಧ. ವಿಶೇಷ ವಿವಾಹ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ರೂಢಿಗೆ ಸಿಗುವ ರಿಯಾಯಿತಿ ಇಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಒಳಸಂಬಂಧದವರು ಈ ದಾರಿ ಹಿಡಿಯುವ ಮೊದಲು ಆಫೀಸಿನಲ್ಲಿ ಕೇಳಿ.

ಈಗ ಜನ ಮರೆಯುವ ಇನ್ನೊಂದು ತಾರೀಖು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ. ಜೂನ್ 1ಕ್ಕೆ ಕೊಟ್ಟಿದ್ದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಕೊನೆಯೊಳಗೆ ಮುಗಿಸಿ. "ಆಷಾಢ ಕಳೀಲಿ, ಶ್ರಾವಣ ಬರಲಿ, ಗೌರಿ ಹಬ್ಬ ಆಗ್ಲಿ" ಅಂತ ಮುಂದೂಡಿ ಕೈತಪ್ಪಿಸಿಕೊಂಡ ಜೋಡಿಯೊಂದು ನನ್ನ ಅಂಗಡಿಗೇ ಬಂದಿತ್ತು.

ಮದುವೆಯ ದಿನ ಇಬ್ಬರೂ ಮೂವರು ಸಾಕ್ಷಿಗಳೂ ಘೋಷಣೆಗೆ ಸಹಿ ಹಾಕಬೇಕು. ಆಮೇಲೆ ಒಬ್ಬರಿಗೊಬ್ಬರು ಕಾನೂನುಬದ್ಧ ಗಂಡ, ಕಾನೂನುಬದ್ಧ ಹೆಂಡತಿಯಾಗಿ ಸ್ವೀಕರಿಸುತ್ತೇನೆ ಎಂದು ಹೇಳಬೇಕು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಸರಿ, ಕನ್ನಡದಲ್ಲೇ ಹೇಳಿ. ಬೇಕಿದ್ದರೆ ಹಾರ, ತಾಳಿ ನಿಮ್ಮಿಷ್ಟ.

ಬೇರೆ ರೀತಿಯಲ್ಲಿ ಮೊದಲೇ ಮದುವೆ ಆದವರು ಇದೇ ಕಾಯ್ದೆಯ 15ನೇ ಕಲಮಿನಲ್ಲಿ ನೋಂದಾಯಿಸಿಕೊಳ್ಳಬಹುದು. ಅಲ್ಲಿಯೂ 30 ದಿನದ ನೋಟಿಸ್ ಇದೆ. ಒಂದು ವ್ಯತ್ಯಾಸ: ನೋಂದಣಿಯ ಹೊತ್ತಿಗೆ ಇಬ್ಬರಿಗೂ, ಹೆಣ್ಣಿಗೂ, 21 ತುಂಬಿರಬೇಕು.

ಹಂತ 8: ಸರ್ಟಿಫಿಕೇಟ್ ಕೈಗೆ ಬಂದ ಮೇಲೆ

ಆಫೀಸಿನ ಆವರಣ ಬಿಡುವ ಮೊದಲು ಇನ್ನೊಂದು ಸಲ ಓದಿ. ತಪ್ಪು ಅಲ್ಲೇ ಸಿಕ್ಕರೆ ಅಲ್ಲೇ ಅರ್ಜಿ ಕೊಡಬಹುದು. ಸೀಲು, ಸಹಿ, ನೋಂದಣಿ ಸಂಖ್ಯೆ ಮೂರೂ ಇದೆಯಾ ನೋಡಿ. ಆ ಸಂಖ್ಯೆ, ತಾರೀಖು, ಆಫೀಸಿನ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೂಲ ಪ್ರತಿ ಕಳೆದುಹೋದರೆ ದೃಢೀಕೃತ ನಕಲು ಪಡೆಯಲು ಬೇಕಾಗುವುದು ಅದೇ.

ಲ್ಯಾಮಿನೇಷನ್ ಮಾಡಿಸಬೇಡಿ. ನನ್ನ ಅಂಗಡಿಯಲ್ಲಿ ಲ್ಯಾಮಿನೇಷನ್ ಮಷಿನ್ ಇದೆ, ಆದರೂ ಹೇಳುತ್ತೇನೆ, ಬೇಡ. ಹೊರದೇಶಕ್ಕೆ ಬೇಕಾದಾಗ ಅದರ ಮೇಲೆ ಸೀಲು ಬೀಳಬೇಕು, ಹಿಂಬದಿಯಲ್ಲಿ ಸ್ಟಿಕರ್ ಅಂಟಬೇಕು. ಪ್ಲಾಸ್ಟಿಕ್ ಮೇಲೆ ಅದ್ಯಾವುದೂ ಆಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ ಅನ್ನುವುದೂ ನಿಜ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೋಡೆಗೆ ತಾಗದ ಕಡೆ ಬೀರುವಿನಲ್ಲಿಡಿ.

ಹೊರದೇಶದ ಕೆಲಸಕ್ಕಾದರೆ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಹೊರದೇಶದವರು ಒಪ್ಪುವ ಸರ್ಕಾರದ ದೃಢೀಕರಣ, ಕೇಳುತ್ತಾರೆ. ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ. ಆ ದೇಶ ಅಪೋಸ್ಟಿಲ್ ಒಪ್ಪಂದದಲ್ಲಿ ಇಲ್ಲದಿದ್ದರೆ ಅದರ ರಾಯಭಾರ ಕಚೇರಿಯ ಸೀಲು ಬೇರೆ. ಸರ್ಟಿಫಿಕೇಟ್ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ. ವೀಸಾ ಅರ್ಜಿಗೆ ಒಂದೆರಡು ತಿಂಗಳಾದರೂ ಮುಂಚೆ ಶುರು ಮಾಡಿ.

ಬ್ಯಾಂಕ್ ನಾಮಿನಿ, ರೇಷನ್ ಕಾರ್ಡ್, ಆಫೀಸಿನ ಸೇವಾ ಪುಸ್ತಕ ಇವಕ್ಕೆಲ್ಲ ಜೆರಾಕ್ಸ್ ಸಾಕು, ಮೂಲ ಪ್ರತಿ ತೋರಿಸಿ ವಾಪಸ್ ತಗೊಳ್ಳಿ. ಯಾರ ಕೈಯಲ್ಲೂ ಬಿಟ್ಟುಬರಬೇಡಿ. ಆ ಬಿಳಿ ಹಾಳೆಯನ್ನೂ ಎಸೆಯಬೇಡಿ, ಅದೇ ಕವರಿನಲ್ಲಿ ಹಾಕಿಡಿ. ಮಗುವಿನ ಜನನ ಪ್ರಮಾಣಪತ್ರಕ್ಕೆ ಅಪ್ಪ ಅಮ್ಮನ ಹೆಸರು ಬರೆಸುವಾಗ ಮತ್ತೆ ಬೇಕಾಗುತ್ತದೆ.